ಕೊನೆಯ ಮೂರು ಮಿಲಿಮೀಟರ್

"ನರ ತೆಗ್ದಿರೋ ಹಲ್ಲಿಗೆ ನೋವೆಲ್ಲಿಂದ ಬಂತು ಡಾಕ್ಟ್ರಮ್ಮಾ?" ಎಂದು ಕೇಳಿದವರು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ. ಎಂಟು ವರ್ಷದ ಹಿಂದೆ ಬೇರೆಲ್ಲೋ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡಿದ್ದರು. ಕೊಬ್ಬರಿ ಕಚ್ಚಿ ರುಚಿ ನೋಡುವ ಕಸುಬು ಅವರದು, ಒಂದು ವರ್ಷದಿಂದ ಎಡಗಡೆ ಏನೂ ಅಗಿದಿರಲಿಲ್ಲ.

ಎಕ್ಸ್‌ರೇ ತೋರಿಸಿದೆ. ಕೆಳದವಡೆ ಹಲ್ಲಿನ ಮುಂದಿನ ಬೇರಿನಲ್ಲಿ ತುಂಬಿದ್ದು ತುದಿ ಮುಟ್ಟುವ ಮೊದಲೇ, ಸುಮಾರು ಮೂರು ಮಿಲಿಮೀಟರ್ ಮೇಲೆ ನಿಂತುಬಿಟ್ಟಿತ್ತು. ಅದರಾಚೆ ಮೂಳೆಯಲ್ಲಿ ಕಡಲೆಕಾಳಿನಷ್ಟು ಕಪ್ಪು ನೆರಳು. ನರ ಹೋದರೂ ಬೇರನ್ನು ಹಿಡಿದಿರುವ ಮೂಳೆಗೆ ನೋವು ತಿಳಿಯುತ್ತದೆ. ಖಾಲಿ ಉಳಿದ ತುದಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದ್ದವು. ಅಲ್ಲಿಗೆ ತಲುಪಬೇಕಾದರೆ ದಾರಿಗೆ ಅಡ್ಡ ಇರುವ ಹಳೆಯದೆಲ್ಲ ಹೊರಬರಬೇಕು.

ಆ ಹಳೆಯದರ ಹೆಸರು ಗಟ್ಟಾಪರ್ಚಾ. ಮಲಯ ಕಡೆಯ ಮರದ ಹಾಲು. 19ನೇ ಶತಮಾನದಲ್ಲಿ ಕಡಲಡಿಯ ಟೆಲಿಗ್ರಾಫ್ ತಂತಿಗೆ ಇದನ್ನೇ ಹೊದಿಸುತ್ತಿದ್ದರು, ಉಪ್ಪುನೀರಿಗೂ ಕೆಡುವುದಿಲ್ಲವೆಂದು. ಇಂದು ಹಲ್ಲಿನ ಬೇರಿಗೆ ತುಂಬುವ ಗುಲಾಬಿ ಕಡ್ಡಿಗಳಲ್ಲಿ ಅದರ ಪಾಲು ಸುಮಾರು 20 ಶೇಕಡಾ ಮಾತ್ರ, ಹೆಚ್ಚಿನದು ಜಿಂಕ್ ಆಕ್ಸೈಡ್.

ಕ್ಯಾಪ್ ತೆಗೆದು, ಹಲ್ಲಿಗೆ ಎಂಜಲು ತಾಗದಂತೆ ತಡೆಯುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಕಟ್ಟಿದೆ. ಮೇಲಿನ ಅರ್ಧ ಮೆಷಿನ್ ಫೈಲಿಗೆ (ಫೈಲ್ ಅಂದರೆ ನಾಳ ಕೆರೆಯುವ ಸೂಜಿಯಂಥ ಅರ) ಸಲೀಸಾಗಿ ಬಂತು. ನಂತರ ಉಳಿದದ್ದನ್ನು ಮೆತ್ತಗಾಗಿಸಲು ಒಂದು ಹನಿ ಕಿತ್ತಳೆ ಎಣ್ಣೆ. ಕಾಲೇಜಿನಲ್ಲಿ ಕ್ಲೋರೋಫಾರ್ಮ್ ಬಳಸುತ್ತಿದ್ದೆವು, ಬೇಗ ಕರಗಿಸುತ್ತದೆ, ಆದರೆ ನನ್ನ ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡಿಲ್ಲ. ತುದಿಯ ಹತ್ತಿರ ಯಾವ ದ್ರಾವಕವನ್ನೂ ನಾನು ಹಾಕುವುದಿಲ್ಲ. ಕರಗಿದ್ದು ಗೋಡೆಗೆ ತೆಳ್ಳಗೆ ಮೆತ್ತಿಕೊಂಡರೆ ಮತ್ತೆ ಬಿಡಿಸುವುದು ಕಷ್ಟ, ಬೇರಿನಾಚೆ ನೂಕಿಹೋದರಂತೂ ಇನ್ನೂ ಕೆಟ್ಟದು. ಅಲ್ಲಿ ಕೈಯಲ್ಲಿ ಹಿಡಿದು ಎಳೆಯುವ ಎಚ್ ಫೈಲೇ ಸರಿ: ಪಕ್ಕದಲ್ಲಿ ಇಳಿಸಿ, ಕಾಲು ಸುತ್ತು ತಿರುಗಿಸಿ, ಮೇಲಕ್ಕೆ ಎಳೆಯುವುದು. ಮೂರನೇ ಸಲಕ್ಕೆ ಇಡೀ ತುಂಡು ಬಂತು, ಕೊಳೆತ ವಾಸನೆಯ ಸಮೇತ.

ಇನ್ನೊಂದು ನಾಳದಲ್ಲಿ ಫೈಲ್ ಒಂದೇ ಕಡೆ ತಡೆಯುತ್ತಿತ್ತು. ಹಿಂದೆ ಯಾರೋ ಅವಸರದಲ್ಲಿ ನೇರಕ್ಕೆ ಕೊರೆದು ಮೆಟ್ಟಿಲು ಮಾಡಿಬಿಟ್ಟಿದ್ದರು. ಬಲ ಹಾಕಿದರೆ ಬೇರಿಗೇ ತೂತು ಬಿದ್ದೀತು. ತೆಳ್ಳನೆಯ 10ನೇ ನಂಬರಿನ ಫೈಲಿನ ತುದಿಯನ್ನು ಚೂರೇ ಬಗ್ಗಿಸಿ, ಗೋಡೆ ತಡವುತ್ತಾ ಕೂತೆ. ಅರ್ಧ ಗಂಟೆಯಾಯಿತು. "ಹಳೇದು ತೆಗ್ಯೋಕೆ ಇಷ್ಟು ಹೊತ್ತಾ?" ಎಂದು ಹೊರಗೆ ಕಾಯುತ್ತಿದ್ದ ಅವರ ಮಗ ಕೇಳಿದ. ಹೌದಪ್ಪಾ, ತುಂಬುವುದಕ್ಕಿಂತ ತೆಗೆಯುವುದಕ್ಕೇ ಹೊತ್ತು. ಅವತ್ತು ಔಷಧಿ ಇಟ್ಟು ಮುಚ್ಚಿ ಕಳಿಸಿದೆ. ಎರಡನೇ ಭೇಟಿಯಲ್ಲಿ ಆ ಸಣ್ಣ ಫೈಲ್ ತಟಕ್ಕನೆ ಜಾರಿ ಕೆಳಗಿಳಿದಾಗ ನನ್ನ ಕೈ ನಡುಗಿತು.

ಬ್ಯಾಕ್ಟೀರಿಯಾ ಕೊಲ್ಲುವ ಹೈಪೋಕ್ಲೋರೈಟ್ ದ್ರವದಿಂದ ತೊಳೆದು, ಕಾಗದದ ಕಡ್ಡಿ ಗುಲಾಬಿ ಹತ್ತದೆ ಬಿಳಿಯಾಗೇ ಬರುವವರೆಗೂ ಮಾಡಿದೆ. ಆದರೂ ಎಕ್ಸ್‌ರೇಯಲ್ಲಿ ಒಂದು ಎಳೆ ಗೋಡೆಗೆ ಅಂಟಿಕೊಂಡಿತ್ತು, ಮತ್ತೆ ಕೂತು ಅದನ್ನೂ ಕೆರೆದೆ. ಯಾವ ವಿಧಾನದಲ್ಲೂ ಪೂರ್ತಿ ಹೋಗುವುದಿಲ್ಲ ಎಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಅದು ಗೊತ್ತಿದ್ದೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಮುಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಮೊನ್ನೆ ಆರು ತಿಂಗಳ ಎಕ್ಸ್‌ರೇ ತೆಗೆದೆ. ನೆರಳು ಅರ್ಧಕ್ಕಿಂತ ಚಿಕ್ಕದಾಗಿದೆ. ಈಗ ಎರಡೂ ಕಡೆ ಅಗಿಯುತ್ತಾರಂತೆ. ವರ್ಷ ತುಂಬಿದ ಮೇಲೆ ಇನ್ನೊಂದು ಎಕ್ಸ್‌ರೇ ನೋಡದೆ ವಾಸಿಯಾಯಿತು ಅನ್ನುವುದಿಲ್ಲ ಎಂದು ಅವರಿಗೂ ಹೇಳಿದ್ದೇನೆ.