ಗವರ್ನರ್ ಫಿಲಿಪ್ ಪತ್ರಗಳ ಪಟ್ಟಿ: ಇಲ್ಲಿಯವರೆಗೆ ಆಗಿದ್ದು

ಬ್ರಿಟನ್ ತನ್ನ ಕೈದಿಗಳನ್ನು ಸಾಗಿಸುತ್ತಿದ್ದ ಆಸ್ಟ್ರೇಲಿಯಾದ ವಸಾಹತು ನ್ಯೂ ಸೌತ್ ವೇಲ್ಸ್‌ನ ಗವರ್ನರ್‌ಗಳು ಲಂಡನ್‌ಗೆ ಬರೆದ ಸರ್ಕಾರಿ ಪತ್ರಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸುತ್ತಿದ್ದೇನೆ. ಮೊದಲ ಗವರ್ನರ್ ಆರ್ಥರ್ ಫಿಲಿಪ್ ಭಾಗ ಹೆಚ್ಚುಕಡಿಮೆ ಮುಗಿಯಿತು. ನನ್ನ ಆಧಾರ 1914ರಲ್ಲಿ ಅಚ್ಚಾದ 'ಹಿಸ್ಟಾರಿಕಲ್ ರೆಕಾರ್ಡ್ಸ್ ಆಫ್ ಆಸ್ಟ್ರೇಲಿಯಾ'ದ ಮೊದಲ ಸಂಪುಟ. ಸ್ಕ್ಯಾನ್ ಪ್ರತಿ ಪುಕ್ಕಟೆ ಸಿಗುತ್ತದೆ. ಪತ್ರಗಳ ಪಠ್ಯ ಓಸಿಆರ್‌ನಲ್ಲಿ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶದಲ್ಲಿ) ಚೆನ್ನಾಗಿಯೇ ಬರುತ್ತದೆ, ಉಗ್ರಾಣದ ಲೆಕ್ಕದ ಕೋಷ್ಟಕಗಳು ಮಾತ್ರ ಕಲಸುಮೇಲೋಗರ. ಅವನ್ನು ಕೈಯಲ್ಲೇ ಟೈಪ್ ಮಾಡಬೇಕು.

ಈ ಸಲ 'ಯಾವ ಹಡಗು', 'ಯಾವಾಗ ತಲುಪಿತು' ಅನ್ನೋ ಎರಡು ಕಾಲಂ ಸೇರಿಸಿದೆ. ನಿಜವಾದ ಕಥೆ ಇರೋದೇ ಅಲ್ಲಿ.

ಒಂದು ಸಾಲು ನೋಡಿ. ಸಿಡ್ನಿಯಿಂದ ಫಿಲಿಪ್ ಬರೆದ ಮೊದಲ ಪತ್ರದ ತಾರೀಖು 1788ರ ಮೇ 15. ಮೊದಲ ಕಂತಿನ ಪತ್ರಗಳು ಇಂಗ್ಲೆಂಡ್ ಮುಟ್ಟಿದ್ದು 1789ರ ಮಾರ್ಚ್‌ನಲ್ಲಿ. ಸಿಡ್ನಿಗೆ ಆಹಾರ, ಸಾಮಾನು ಹೊತ್ತ 'ಗಾರ್ಡಿಯನ್' ಹಡಗು ಅಲ್ಲಿಂದ ಹೊರಟಿದ್ದು ಸೆಪ್ಟೆಂಬರ್‌ನಲ್ಲಿ. ಡಿಸೆಂಬರ್ 24ಕ್ಕೆ ಅದು ಹಿಮಗಡ್ಡೆಗೆ ಬಡಿಯಿತು. ಹೊತ್ತಿದ್ದ ಬಹಳಷ್ಟು ಸಾಮಾನನ್ನು ಸಮುದ್ರಕ್ಕೆ ಎಸೆದು ಹೇಗೋ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ಗೆ ವಾಪಸಾಯಿತು. ಇದ್ಯಾವುದೂ ಸಿಡ್ನಿಗೆ ಗೊತ್ತಿಲ್ಲ! 1790ರ ಮಾರ್ಚ್‌ನಲ್ಲಿ ಅವರ ಸ್ವಂತ ಹಡಗು 'ಸಿರಿಯಸ್' ಕೂಡ ನಾರ್ಫಕ್ ದ್ವೀಪದ ಹತ್ತಿರ ಒಡೆದುಹೋಯಿತು. ಏಪ್ರಿಲ್‌ನಿಂದ ಒಬ್ಬರಿಗೆ ವಾರಕ್ಕೆ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಹಂದಿಮಾಂಸ. ಗವರ್ನರ್‌ಗೂ ಅಷ್ಟೇ. ಗಾರ್ಡಿಯನ್ ಸುದ್ದಿ ಬಂದಿದ್ದು ಜೂನ್ 3ಕ್ಕೆ, 'ಲೇಡಿ ಜೂಲಿಯಾನಾ' ಹಡಗಿನಲ್ಲಿ.

1790ರ ಫೆಬ್ರವರಿಯ ಪತ್ರ ಓದುವಾಗ ಹೊಟ್ಟೆ ಕಲಕಿತು. ಸಿಡುಬಿಗೆ ಸುತ್ತಮುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರು ಅಂತ ಫಿಲಿಪ್ ಬರೆಯುತ್ತಾನೆ. ಬರೆದಿದ್ದು ವಸಾಹತಿನ ಹೊಣೆ ಹೊತ್ತಿದ್ದ ಬ್ರಿಟನ್‌ನ ಗೃಹಮಂತ್ರಿ ಲಾರ್ಡ್ ಸಿಡ್ನಿಗೆ. ಆತ ಅಧಿಕಾರ ಬಿಟ್ಟು ಆಗಲೇ ಎಂಟು ತಿಂಗಳಾಗಿತ್ತು.

ಇನ್ನೊಂದು ತಮಾಷೆ, ತಮಾಷೆ ಅನ್ನಬಹುದೋ ಇಲ್ಲವೋ. ಕೈದಿಗಳನ್ನು ಕಳಿಸಿದವರು ಅವರ ಶಿಕ್ಷೆಯ ಕಾಗದಪತ್ರ ಕಳಿಸಲೇ ಇಲ್ಲ. ಯಾರ ಅವಧಿ ಯಾವಾಗ ಮುಗಿಯುತ್ತದೆ ಅಂತ ಫಿಲಿಪ್‌ಗೆ ತಿಳಿಯುವಂತಿರಲಿಲ್ಲ. "ನನ್ನ ಶಿಕ್ಷೆ ಮುಗೀತು" ಅಂತ ಕೈದಿ ಹೇಳಿದರೆ ಹೌದೂ ಅನ್ನುವಂತಿಲ್ಲ, ಇಲ್ಲವೂ ಅನ್ನುವಂತಿಲ್ಲ. ಆ ಕಾಗದ ಕಳಿಸಿ ಅಂತ ಕೇಳಲಿಕ್ಕೂ ಮತ್ತೊಂದು ಪತ್ರ. ಇಂಥವಕ್ಕೆ ಪಟ್ಟಿಯಲ್ಲಿ ಕೆಂಪು ಬಣ್ಣ ಹಾಕಿದ್ದೇನೆ. ಫಿಲಿಪ್ ಅಪ್ಪಣೆ ಕೇಳಲು ಬರೆದಿದ್ದಕ್ಕಿಂತ ಆಗಿಹೋದದ್ದನ್ನು ಒಪ್ಪಿಸಲು ಬರೆದಿದ್ದೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಕಲ್ಕತ್ತಾ ಸಾಲುಗಳು ಇನ್ನೂ ಬಾಕಿ. ಲಂಡನ್ ನಂಬಿ ಕೂರದೆ ಫಿಲಿಪ್ 1791ರಲ್ಲಿ 'ಅಟ್ಲಾಂಟಿಕ್' ಹಡಗನ್ನು ಬಂಗಾಳಕ್ಕೇ ಕಳಿಸಿದ. 1792ರ ಜೂನ್‌ನಲ್ಲಿ ಅದು ಅಕ್ಕಿ, ರವೆ, ಬೇಳೆ ಹೇರಿಕೊಂಡು ಬಂತು. ಸಿಡ್ನಿಯ ಕೈದಿಗಳು ನಮ್ಮ ಕಡೆಯ ಬೇಳೆಯನ್ನು ಹೇಗೆ ಬೇಯಿಸಿಕೊಂಡರೋ! ಕೋಷ್ಟಕ ಟೈಪ್ ಮಾಡಿದ ಮೇಲೆ ಎರಡನೇ ಸಂಪುಟ, ಅಂದರೆ 1797ರಿಂದ ಎರಡನೇ ಗವರ್ನರ್ ಹಂಟರ್ ಪತ್ರಗಳು. ಅಲ್ಲಿ ಹಸಿವಿಗಿಂತ ರಮ್ ಗಲಾಟೆಯೇ ಜೋರು.