ಅರಬ್ಬಿ ಸಮುದ್ರದ ನೀರಾವಿ ಮ್ಯಾಪ್: ಕೆಲಸ ಎಲ್ಲಿಗೆ ಬಂತು

ಮೂಡಿಗೆರೆ ಕಡೆ ತೋಟ ಇರುವವರಿಗೆ ಮಳೆ ಅಂದ್ರೆ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕ. ಆ ಮಳೆ ನಮ್ಮ ಘಟ್ಟಕ್ಕೆ ಬರುವ ಮೊದಲು ಸಮುದ್ರದ ಮೇಲೆ ಎಷ್ಟು ನೀರಾವಿ ಇತ್ತು? ಅದನ್ನು ಮ್ಯಾಪ್ ಮಾಡುವುದೇ ಈ ಪ್ರಾಜೆಕ್ಟ್. ಈ ವಾರ ಮೊದಲ ಮ್ಯಾಪ್ ಬಂತು.

ಡೇಟಾ ಜಪಾನ್ 2012ರಲ್ಲಿ ಹಾರಿಸಿದ ಉಪಗ್ರಹದ ಎಎಂಎಸ್‌ಆರ್2 ರೇಡಿಯೋಮೀಟರ್‌ನದು. ಸುಮಾರು 700 ಕಿ.ಮೀ. ಎತ್ತರದಲ್ಲಿ 2 ಮೀಟರ್ ಡಿಶ್ ನಿಮಿಷಕ್ಕೆ 40 ಸುತ್ತು ತಿರುಗುತ್ತದೆ. ರಡಾರ್ ಥರ ಏನನ್ನೂ ಕಳಿಸುವುದಿಲ್ಲ. ಕೆಳಗಿನಿಂದ ತಾನಾಗಿ ಬರುವ ಮೈಕ್ರೋವೇವನ್ನು ಸುಮ್ನೆ ಹಿಡಿಯುತ್ತದೆ, ಅಷ್ಟೇ. ನಮ್ಮವರೂ 1979ರಲ್ಲೇ ಭಾಸ್ಕರ-1ರಲ್ಲಿ ಇಂಥ ರೇಡಿಯೋಮೀಟರ್ ಕಳಿಸಿದ್ದರು. ನೆನೆದರೆ ಹೆಮ್ಮೆಯಾಗುತ್ತದೆ.

ನೀರಾವಿ 22.235 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಚೆನ್ನಾಗಿ ಹೊಮ್ಮುತ್ತದೆ. ಎಎಂಎಸ್‌ಆರ್2 ಅದನ್ನು 23.8ರಲ್ಲಿ ಅಳೆಯುತ್ತದೆ. ಸಮುದ್ರದ ನೀರು ಎಷ್ಟೇ ಬೆಚ್ಚಗಿದ್ದರೂ, ಅದರ ಶಾಖಕ್ಕೆ ಬರಬೇಕಾದ ಮೈಕ್ರೋವೇವಿನಲ್ಲಿ ಸುಮಾರು ಅರ್ಧ ಮಾತ್ರ ಹೊರಗೆ ಬಿಡುತ್ತದೆ. ಹಾಗಾಗಿ ರೇಡಿಯೋಮೀಟರ್ ಕಣ್ಣಿಗೆ ಸಮುದ್ರ ತಣ್ಣಗೆ, ಕಪ್ಪಗೆ. ಅದರ ಮುಂದೆ ಆವಿ ಎದ್ದು ಕಾಣುತ್ತದೆ. ನೆಲ ಶೇ. 90ರಷ್ಟು ಹೊಮ್ಮಿಸುತ್ತದೆ, ಆವಿ ಅದರಲ್ಲೇ ಕರಗಿಹೋಗುತ್ತದೆ. ಚಾರ್ಮಾಡಿ ಮೇಲಿನ ಆವಿಗೆ ಈ ದಾರಿಯಲ್ಲಿ ಲೆಕ್ಕ ಸಿಗದಿರುವುದು ಇದಕ್ಕೇ.

ಫೈಲಿನಲ್ಲಿ ಕಾಲು ಡಿಗ್ರಿಯ ಒಂದೊಂದು ಚೌಕಕ್ಕೂ ಒಂದು ಸಂಖ್ಯೆ. 255 ಅಂದ್ರೆ ನೆಲ. 250ರವರೆಗಿನದು ನಿಜವಾದ ಅಳತೆ, 0.3ರಿಂದ ಗುಣಿಸಬೇಕು. 180 ಇದ್ದರೆ 54 ಮಿ.ಮೀ. ಅಂದ್ರೆ ಆ ಜಾಗದ ಮೇಲಿನ ಆವಿಯೆಲ್ಲ ನೀರಾದರೆ 2 ಇಂಚು 13 ಸೆಂಟು! ತಲೆ ಮೇಲೆ ಅಷ್ಟು ನೀರು ನಿಂತಿರುತ್ತದೆ ಅಂದ್ರೆ ನಂಬೋಕೆ ಕಷ್ಟ ಅಲ್ವಾ? ನಮ್ಮಲ್ಲಿ ಒಂದೇ ದಿನ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಗಾಳಿ ಹಿಂದಿನಿಂದ ಹೊಸ ಆವಿ ತಂದು ತುಂಬುತ್ತಲೇ ಇರುತ್ತದಲ್ಲ.

ಉಪಗ್ರಹ ಹಾದುಹೋಗುವ ಪಟ್ಟಿಗಳ ಮಧ್ಯೆ ದಿನಾ ಖಾಲಿ ಜಾಗ ಉಳಿಯುತ್ತದೆ. ಮೂರು ದಿನದ ಸರಾಸರಿ ತೆಗೆದರೆ ಅದು ತುಂಬುತ್ತದೆ.

ಮುಂದಿನದು ಗಾಳಿ. ಅಲೆ, ನೊರೆ ಎದ್ದಾಗ ಸಮುದ್ರ ಜಾಸ್ತಿ ಹೊಮ್ಮಿಸುತ್ತದೆ, ಅದರಿಂದ ವೇಗ ಗೊತ್ತಾಗುತ್ತದೆ. ಆದರೆ ದಿಕ್ಕು ಎಎಂಎಸ್‌ಆರ್2 ಕೊಡುವುದಿಲ್ಲ. ಆವಿ ಘಟ್ಟದ ಕಡೆಗೇ ಬರುತ್ತಿದೆಯಾ ಅಂತ ನೋಡಲು ದಿಕ್ಕೇ ಮುಖ್ಯ. ಅದಕ್ಕೆ ಇಸ್ರೋ 2022ರ ನವೆಂಬರ್‌ನಲ್ಲಿ ಹಾರಿಸಿದ ಓಷನ್‌ಸ್ಯಾಟ್-3ರ ಸ್ಕ್ಯಾಟರೋಮೀಟರ್ (ರಡಾರ್ ಥರ ಮೈಕ್ರೋವೇವ್ ಕಳಿಸಿ ಗಾಳಿಯ ವೇಗ, ದಿಕ್ಕು ಅಳೆಯುವ ಉಪಕರಣ) ಡೇಟಾ ಸೇರಿಸಬೇಕು. ಆ ಫೈಲು ಓದುವ ಕೋಡ್ ಬರೆಯಲು ಶುರು ಮಾಡಿದ್ದೇನೆ.