ಮೇ ತಿಂಗಳಲ್ಲಿ ಒದ್ದೆಯಾಗಿದ್ದ ಗೋಡೆ

ಜೈಸಲ್ಮೇರಿಗೆ ಹೋಗುವುದಾದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೋಗಬೇಕೆಂದು ತಿಳಿದವರೆಲ್ಲ ಹೇಳಿದ್ದರು. ಆದರೆ ಅಕ್ಕನೂ ನಾನೂ ಶಾಲೆಯಲ್ಲಿ ಪಾಠ ಮಾಡುವವರು; ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗುವುದು ಬೇಸಿಗೆ ರಜೆಯಲ್ಲಿ ಮಾತ್ರ. ಹಾಗಾಗಿ ಮರುಭೂಮಿಯ ಆ ಊರನ್ನು ನಾವು ನೋಡಿದ್ದು ಮೇ ತಿಂಗಳ ಮೂರನೆಯ ವಾರದಲ್ಲಿ, ಪ್ರವಾಸಿಗರಿಲ್ಲದೆ ಅಂಗಡಿಗಳ ಅರ್ಧ ಬಾಗಿಲು ಮುಚ್ಚಿದ್ದ ದಿನಗಳಲ್ಲಿ. ಚಳಿಗಾಲದಲ್ಲಿ ಹೋಗಿದ್ದರೆ ನಾನು ಕೆತ್ತನೆಯನ್ನು ಮೆಚ್ಚಿ ಫೋಟೊ ತೆಗೆದುಕೊಂಡು ಬರುತ್ತಿದ್ದೆ. ಬಿಸಿಲಿನಲ್ಲಿ ಹೋದದ್ದರಿಂದ ಆ ಊರನ್ನು ಹಾಗೆ ಏಕೆ ಕಟ್ಟಿದರೆಂಬುದು ಮೈಗೇ ತಿಳಿಯಿತು.

ಜೋಧಪುರದಿಂದ ರಾತ್ರಿ ಹೊರಟ ರೈಲು ನಸುಕಿನಲ್ಲಿ ನಮ್ಮನ್ನು ಇಳಿಸಿತು. ಆ ಹೊತ್ತಿನ ಗಾಳಿ ಹಿತವಾಗಿತ್ತು. ಬೆಟ್ಟದ ಮೇಲಿನ ಕೋಟೆ ಬೂದುಬಣ್ಣದಿಂದ ನಿಧಾನವಾಗಿ ಅರಿಸಿನದ ಬಣ್ಣಕ್ಕೆ ತಿರುಗುವುದನ್ನು ನಿಲ್ದಾಣದ ಹೊರಗೆ ನಿಂತೇ ನೋಡಿದೆವು. ಭಾಟಿ ರಜಪೂತರ ರಾವಲ್ ಜೈಸಲನು 1156ರಲ್ಲಿ ತ್ರಿಕೂಟವೆಂಬ ಗುಡ್ಡದ ಮೇಲೆ ಕಟ್ಟಿಸಿದ ಈ ಕೋಟೆಯಲ್ಲಿ 99 ಕೊತ್ತಳಗಳಿವೆ, ಮತ್ತು ಇಂದಿಗೂ ಸಾವಿರಾರು ಜನ ಅದರೊಳಗೆ ಮನೆ ಮಾಡಿಕೊಂಡಿದ್ದಾರೆ. ನಾವೂ ಕೋಟೆಯೊಳಗಿನ ಒಂದು ವಸತಿಗೃಹದಲ್ಲಿ ಕೋಣೆ ಹಿಡಿದೆವು. ಹತ್ತು ಗಂಟೆಯಾಗುವಷ್ಟರಲ್ಲಿ ಕಿಟಕಿಯ ಸರಳನ್ನು ಮುಟ್ಟಲಾಗುತ್ತಿರಲಿಲ್ಲ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಿಂದ ಬರುವ ನೀರು, ತಣ್ಣೀರಿನ ನಲ್ಲಿ ತಿರುಗಿಸಿದರೂ, ಅಡುಗೆಗೆ ಇಟ್ಟ ಎಸರಿನಂತೆ ಸುಡುತ್ತಿತ್ತು. ಉಷ್ಣಾಂಶ 44 ಡಿಗ್ರಿ ದಾಟಿತ್ತು. ‘ಲೂ’ ಎಂದು ಅಲ್ಲಿಯವರು ಕರೆಯುವ ಬಿಸಿಗಾಳಿಗೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ. ಆದ್ದರಿಂದ ಬೆವರುತ್ತಿದ್ದೇವೆಂಬುದೂ ತಿಳಿಯುವುದಿಲ್ಲ. ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿರಬೇಕು, ಹನ್ನೆರಡರಿಂದ ಐದರವರೆಗೆ ಹೊರಗೆ ಕಾಲಿಡಬಾರದು.

ಮೊದಲ ದಿನ ನಮ್ಮ ದುಡ್ಡು ಹೋಯಿತು. ಸಮ್‌ನ ಮರಳುದಿಬ್ಬಗಳ ಬಳಿ ಡೇರೆಯಲ್ಲಿ ಒಂದು ರಾತ್ರಿಯ ವಾಸಕ್ಕೆಂದು ಹೊರಡುವ ಮೊದಲೇ ಒಬ್ಬ ಏಜೆಂಟನಿಗೆ ಪೂರ್ತಿ ಹಣ ಕಟ್ಟಿದ್ದೆವು. ಸಂಜೆ ಸುಮಾರು 40 ಕಿಲೋಮೀಟರು ಜೀಪಿನಲ್ಲಿ ಹೋಗಿ ನೋಡಿದರೆ ಡೇರೆಗಳ ಬಟ್ಟೆಯನ್ನೆಲ್ಲ ಬಿಚ್ಚಿ ಸುತ್ತಿಟ್ಟಿದ್ದರು, ಬರಿಯ ಕಂಬಗಳು ನಿಂತಿದ್ದವು. ಬೇಸಿಗೆಗೆ ಮುಚ್ಚಿದೆ ಎಂದು ಕಾವಲುಗಾರ ಹೇಳಿದ. ಆ ಹಣ ಇಂದಿಗೂ ಹಿಂದಿರುಗಿಲ್ಲ. ಬಿಸಿಲುಗಾಲದಲ್ಲಿ ಹೋಗುವವರು ಮಧ್ಯವರ್ತಿಯ ಮಾತನ್ನು ನಂಬದೆ, ಉಳಿಯುವ ಜಾಗಕ್ಕೇ ನೇರವಾಗಿ ಫೋನು ಮಾಡಿ ತೆರೆದಿದೆಯೇ ಎಂದು ಕೇಳಿಕೊಳ್ಳಬೇಕು. ಮುಂಗಡಕ್ಕಿಂತ ಹೆಚ್ಚು ಕೊಡಲೇಬಾರದು. ಮರುದಿನ ಬೆಳಿಗ್ಗೆ ಪಾಲಿವಾಲ ಬ್ರಾಹ್ಮಣರು ತೊರೆದುಹೋದ ಕುಲಧರಾ ಗ್ರಾಮವನ್ನು ನೋಡಿದೆವು. ಅಲ್ಲಿ ದೆವ್ವದ ಕಥೆ ಹೇಳುವವರು ಬಹಳ ಮಂದಿ. ಆ ಜನ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿ, ಮಳೆನೀರನ್ನು ಇಂಗಿಸಿ, ಆ ತೇವದ ಮೇಲೆಯೇ ಗೋಧಿ ಕಡಲೆ ಬೆಳೆಯುತ್ತಿದ್ದ ‘ಖಡೀನ್’ ಎಂಬ ಹೊಲಗಳ ಬಗ್ಗೆ ಮಾತ್ರ ಒಬ್ಬರೂ ಹೇಳಲಿಲ್ಲ. ವರ್ಷಕ್ಕೆ 200 ಮಿಲಿಮೀಟರಿನ ಆಸುಪಾಸು ಮಾತ್ರ ಮಳೆ ಬೀಳುವ ನೆಲದಲ್ಲಿ ಗೋಧಿ ಬೆಳೆದವರ ಊರಿನಲ್ಲಿ ದೆವ್ವದ ಕಥೆ ಕೇಳಿ ಬರಬೇಕಾದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಊರೊಳಗಿನ ಹವೇಲಿಗಳ, ಅಂದರೆ ಸಿರಿವಂತರ ದೊಡ್ಡ ಮನೆಗಳ, ವಿಷಯ ಬೇರೆ. ಗುಮಾನ್ ಚಂದ್ ಪಟವಾ ಎಂಬ ವರ್ತಕನು ತನ್ನ ಐವರು ಮಕ್ಕಳಿಗಾಗಿ 1805ರಲ್ಲಿ ಕಟ್ಟಿಸಲು ಆರಂಭಿಸಿದ ಐದು ಮನೆಗಳ ಸಾಲಿನ ಮುಂದೆ ನಾವು ನಿಂತಾಗ ಹನ್ನೊಂದು ಗಂಟೆಯ ಬಿಸಿಲು. ಹಳೇಬೀಡಿನ ಗೋಡೆಗಳನ್ನು ನೋಡಿ ಬೆಳೆದ ಕಣ್ಣಿಗೆ ಕಲ್ಲಿನ ಕುಸುರಿ ಹೊಸದಲ್ಲ, ಆದರೆ ಅಲ್ಲಿ ಕೆತ್ತನೆ ದೇವರಿಗಾಗಿ. ಇಲ್ಲಿ ಅದು ನೆರಳಿಗಾಗಿಯೂ ಹೌದೆಂಬುದು ಹೊಳೆದದ್ದು ಆ ಬಿಸಿಲಿನಲ್ಲಿ. ಮೇ ತಿಂಗಳ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಮೇಲಿನ ಝರೋಕಾದ, ಅಂದರೆ ಗೋಡೆಯಿಂದ ಹೊರಚಾಚಿದ ಕೆತ್ತನೆಯ ಕಿಟಕಿಯ, ನೆರಳು ಕೆಳಗಿನ ಝರೋಕಾದ ಮೇಲೆ, ಅದರ ನೆರಳು ಛಜ್ಜಾ ಎಂಬ ಕಲ್ಲಿನ ಸೂರಿನ ಮೇಲೆ, ಛಜ್ಜಾದ ನೆರಳು ಗೋಡೆಯ ಮೇಲೆ ಬಿದ್ದು, ಇಡೀ ಮುಂಭಾಗದಲ್ಲಿ ಬಿಸಿಲಿಗೆ ನೇರವಾಗಿ ಒಡ್ಡಿಕೊಂಡ ಕಲ್ಲು ಅಂಗೈಯಗಲವೂ ಉಳಿಯುವುದಿಲ್ಲವೇನೋ ಅನ್ನಿಸುತ್ತದೆ. ಹೂವಿನ ಎಸಳೊಂದರ ಕೆಳಗೆ ಬೆರಳಿಟ್ಟೆ, ಕಲ್ಲು ತಣ್ಣಗಿತ್ತು. ಅದೇ ಓಣಿಯ ತುದಿಯಲ್ಲಿದ್ದ ಹೊಸ ಸಿಮೆಂಟು ಕಟ್ಟಡದ ನುಣುಪು ಗೋಡೆಗೆ ಕೈಯಿಟ್ಟರೆ ಕಾದ ಕಾವಲಿಯಂತಿತ್ತು. ಕೋಟೆಯ ಕೊನೆಯ ಬಾಗಿಲಾದ ಹವಾ ಪೋಲ್‌ನಲ್ಲಿಯೂ ಇಂಥದೇ ಅನುಭವವಾಯಿತು. ಗಾಳಿಯ ಬಾಗಿಲು ಎಂಬ ಅದರ ಹೆಸರಿನ ಅರ್ಥ ತಿಳಿಯಬೇಕಾದರೆ ಬೇಸಿಗೆಯಲ್ಲಿ ಅದರ ಕಮಾನಿನ ಕೆಳಗೆ ಹತ್ತು ನಿಮಿಷ ಕುಳಿತಿರಬೇಕು.

ಮೂರನೆಯ ದಿನ ಕೋಟೆಯೊಳಗಿನ ಜೈನ ಬಸದಿಗಳಿಗೆ ಹೋದೆವು. ಹೊರಗಿನವರಿಗೆ ಪ್ರವೇಶ ಬೆಳಗಿನ ಹೊತ್ತಿನಲ್ಲಿ ಮಾತ್ರವಾದ್ದರಿಂದ ಹೊತ್ತು ತಪ್ಪಿಸಬಾರದೆಂದು ಓಡಿದೆವು. ಅಲ್ಲಿನ ಜ್ಞಾನ ಭಂಡಾರದ ತಾಳೆಗರಿಯ ಹಸ್ತಪ್ರತಿಗಳನ್ನು ಶತಮಾನಗಳಿಂದ ನೆಲಮಾಳಿಗೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅಷ್ಟು ಕಾಲ ಗರಿ ಉಳಿಯಲು ಆ ನೆಲದ ಒಣಹವೆಯೂ ನೆರವಾಗಿರಬೇಕೆಂದು ಅಕ್ಕ ಹೇಳಿದಳು. ಒಳಗೆ ತಂಪಾಗಿತ್ತು. ಹೊರಗಿನ ತೆರೆದ ಅಂಗಳದಲ್ಲಿ ಬರಿಗಾಲಿನಲ್ಲಿ ಇಪ್ಪತ್ತು ಹೆಜ್ಜೆ ನಡೆಯುವುದರೊಳಗೆ ಅಕ್ಕನ ಅಂಗಾಲಿನಲ್ಲಿ ಬೊಬ್ಬೆ ಎದ್ದಿತು. ದಪ್ಪನೆಯ ಬಟ್ಟೆಯ ಕಾಲುಚೀಲವೊಂದು ಚೀಲದಲ್ಲಿದ್ದಿದ್ದರೆ ಆ ನೋವು ತಪ್ಪುತ್ತಿತ್ತು. ಹೋಗುವವರು ಮರೆಯದೆ ಒಯ್ಯಿರಿ.

ಕುಂಟುತ್ತ ಬಂದು ಓಣಿಯಲ್ಲಿ ಒಂದು ಮನೆಯ ಜಗಲಿಯ ನೆರಳಿನಲ್ಲಿ ಕುಳಿತಾಗ ಒಳಗಿನಿಂದ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಕರೆದರು. ಮಾರವಾಡಿಯಲ್ಲಿ ಅವರು ಆಡಿದ ಮಾತನ್ನು ಮೊಮ್ಮಗನ ಹೆಂಡತಿ ಹಿಂದಿಗೆ ತಿರುಗಿಸಿ ಹೇಳುತ್ತಿದ್ದಳು. ಅಡುಗೆಮನೆಯ ಪಕ್ಕದ ಗೋಡೆಗೂಡಿನಲ್ಲಿ ನೀರಿನ ಕೊಡಗಳನ್ನಿಡುವ ಕಟ್ಟೆಯಿತ್ತು. ಅದಕ್ಕೆ ‘ಪರಿಂಡಾ’ ಎನ್ನುತ್ತಾರೆ. ನಮ್ಮಲ್ಲಿ ದೇವರ ಗೂಡನ್ನು ಇಟ್ಟುಕೊಳ್ಳುವಷ್ಟು ಚೊಕ್ಕಟವಾಗಿ ಅದನ್ನು ಇಟ್ಟುಕೊಂಡಿದ್ದರು. ಹಿಡಿಯುಳ್ಳ ಹಿತ್ತಾಳೆಯ ಸೌಟಿನಿಂದ ಅಜ್ಜಿ ಲೋಟಕ್ಕೆ ನೀರು ತೆಗೆದರು. ಸೌಟಿನ ತುದಿಯ ಹನಿ ಕೊಡದೊಳಕ್ಕೇ ಬೀಳುವವರೆಗೆ ಕೈಯನ್ನು ಹಾಗೆಯೇ ಹಿಡಿದಿದ್ದರು.

“ಈಗ ನಲ್ಲಿ ಇದೆಯಲ್ಲ ಮಾಜೀ, ಕೊಡ ಏಕೆ?” ಎಂದು ನಾನು ಕೇಳಿದೆ.

“ನಲ್ಲಿಯ ನೀರು ಕುಡಿಯಲು ಬಿಸಿ, ಬೇಟಾ. ಕೊಡ ತಣ್ಣಗಿಡುತ್ತದೆ” ಎಂದವರು, ಎದ್ದು ಹೋಗಿ ಮೊಳೆಗೆ ತೂಗುಹಾಕಿದ್ದ, ಬಟ್ಟೆ ಸುತ್ತಿ ಕವಡೆ ಹೊಲಿದ ಒಂದು ಸಿಂಬೆಯನ್ನು ತಂದು ನನ್ನ ಕೈಗಿತ್ತರು. ಅವರ ಮಾತಿನಲ್ಲಿ ಅದು ‘ಇಂಢೋಣಿ’. ಮದುವೆಯಾಗಿ ಬಂದಾಗ ತವರಿನಿಂದ ತಂದದ್ದಂತೆ. ಊರಿನ ಕುಡಿಯುವ ನೀರೆಲ್ಲ ಆಗ ಗಡೀಸರ್ ಕೆರೆಯದು. ರಾವಲ್ ಗಡಸಿಯು ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೆರೆಗೆ ಕೋಟೆಯಿಂದ ಇಳಿದು, ಎರಡು ಕೊಡ ಒಂದರ ಮೇಲೊಂದಿಟ್ಟುಕೊಂಡು, ನಾಲ್ಕು ಬಾಗಿಲು ದಾಟಿ ಮತ್ತೆ ಏರಿ ಬರಬೇಕಿತ್ತು. ನಸುಕಿಗೆ ಒಮ್ಮೆ, ಸಂಜೆ ಒಮ್ಮೆ. ಮನೆಯ ಗಂಡಸರು ಪರಾತವೆಂಬ ಅಗಲವಾದ ಲೋಹದ ತಟ್ಟೆಯ ಮೇಲೆ ಕುಳಿತು ಸ್ನಾನ ಮಾಡುತ್ತಿದ್ದರು. ಪರಾತಕ್ಕೆ ಬಿದ್ದ ನೀರು ಬಟ್ಟೆ ಒಗೆಯಲು, ಒಗೆದ ನೀರು ನೆಲ ಸಾರಿಸಲು. “ಹೊರಗೆ ಚೆಲ್ಲಲು ಏನೂ ಉಳಿಯುತ್ತಿರಲಿಲ್ಲ” ಎಂದರು. ತುಪ್ಪ ಚೆಲ್ಲಿದರೆ ನನ್ನದೇನೂ ಹೋಗದು, ನೀರು ಚೆಲ್ಲಿದರೆ ಜೀವ ಉರಿಯುತ್ತದೆ ಎಂಬ ಗಾದೆಯೊಂದು ಆ ಕಡೆಯಲ್ಲಿದೆ. ಅದನ್ನು ಅಜ್ಜಿ ಗಾದೆಯಂತೆ ಹೇಳಲಿಲ್ಲ, ನಿನ್ನೆ ನಡೆದದ್ದನ್ನು ಹೇಳುವಂತೆ ಹೇಳಿದರು.

ಆಮೇಲೆ “ಬಾ, ತೋರಿಸುತ್ತೇನೆ” ಎಂದು ನನ್ನ ಕೈ ಹಿಡಿದು ಎರಡು ಮೆಟ್ಟಿಲು ಇಳಿದು ಹಿಂದಿನ ಕೋಣೆಗೆ ಕರೆದೊಯ್ದರು. ಬಾಗಿಲು ತೆರೆದೊಡನೆ ನಮ್ಮ ಮಲೆನಾಡಿನ ಆಷಾಢದ ವಾಸನೆ ಬಂತು. ಹಿಂಬದಿಯ ಗೋಡೆಯ ಕಲ್ಲು ಸೊಂಟದ ಎತ್ತರದವರೆಗೆ ಕಪ್ಪಾಗಿತ್ತು. ಅದರ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳಿತ್ತು. ನಾನು ಬೆರಳಿನಿಂದ ಒತ್ತಿದೆ. ಕಲ್ಲು ಹಿಟ್ಟಾಗಿ ಉದುರಿ, ಬೆರಳು ಒದ್ದೆಯಾಯಿತು. ಹೊರಗೆ 44 ಡಿಗ್ರಿ. ತಿಂಗಳುಗಟ್ಟಲೆ ಹನಿ ಮಳೆ ಕಾಣದ ಊರು. ಆ ಊರಿನ ಕೋಟೆಯ ಗೋಡೆ ಒದ್ದೆಯಾಗಿತ್ತು.

ಮಳೆ ಬಾರದ್ದರಿಂದ ಹಾಳಾಗುವ ಊರುಗಳನ್ನು ನಾನು ಬಲ್ಲೆ. ಇದು ನೀರು ಬಂದು ಹಾಳಾಗುತ್ತಿರುವ ಊರು. ತ್ರಿಕೂಟದ ಗುಡ್ಡ ಗಟ್ಟಿಬಂಡೆಯದಲ್ಲ, ಪದರಪದರವಾದ ಮೆದುಕಲ್ಲು ಮತ್ತು ಜೇಡಿಯದು. ಒಣಗಿರುವಷ್ಟು ಕಾಲ ಅದು ಭಾರ ಹೊರುತ್ತದೆ, ನೆನೆದರೆ ಜಾರುತ್ತದೆ. ಕೊಡದಲ್ಲಿ ಅಳೆದು ತಂದ ನೀರಿಗೆಂದು ಕಟ್ಟಿದ ಮನೆಗಳಿಗೆ ಕೊಳವೆಯ ನೀರು ಬಂತು. ಪ್ರವಾಸಿಗರು ಹೆಚ್ಚಿದಂತೆ ಮನೆಗಳು ವಸತಿಗೃಹಗಳಾಗಿ ಪ್ರತಿ ಕೋಣೆಗೂ ಷವರು, ಶೌಚಾಲಯ ಬಂದವು. ಸೋರುವ ಚರಂಡಿಗಳಿಂದ ಆ ನೀರೆಲ್ಲ ಗುಡ್ಡದೊಳಕ್ಕೆ ಇಳಿಯತೊಡಗಿತು. ಕೆಲವು ಕೊತ್ತಳಗಳು ಈಗಾಗಲೇ ಕುಸಿದಿವೆ. 1996ರಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸ್ಮಾರಕ ಸಂರಕ್ಷಣಾ ಸಂಸ್ಥೆ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. 2013ರಲ್ಲಿ ರಾಜಸ್ಥಾನದ ಗಿರಿದುರ್ಗಗಳಲ್ಲಿ ಒಂದಾಗಿ ಇದು ವಿಶ್ವ ಪರಂಪರೆಯ ತಾಣವೂ ಆಯಿತು. ಇವೆಲ್ಲವನ್ನೂ ಹೊರಡುವ ಮೊದಲೇ ಓದಿದ್ದೆ. ಓದಿಯೂ ಕೋಟೆಯೊಳಗೇ ಕೋಣೆ ಹಿಡಿದು, ಸೆಕೆ ಎಂದು ದಿನಕ್ಕೆ ಮೂರು ಸಲ ಸ್ನಾನ ಮಾಡಿದ್ದೆವು.

“ಹಾಗಾದರೆ ನಾವು ಕೆಳಗೆ, ಊರಿನಲ್ಲೇ ಉಳಿದುಕೊಳ್ಳಬೇಕಿತ್ತು ಅಲ್ಲವೇ ಮಾಜೀ?” ಎಂದು ಅಕ್ಕ ಕೇಳಿದಳು.

ಅಜ್ಜಿ ಕೂಡಲೇ ಉತ್ತರಿಸಲಿಲ್ಲ. ಮೇಲಿನ ಅಂತಸ್ತಿನ ಮೂರು ಕೋಣೆಗಳನ್ನು ಅವರ ಮೊಮ್ಮಗನೇ ಪ್ರವಾಸಿಗರಿಗೆ ಕೊಡುತ್ತಾನೆ, ಸಂಸಾರ ನಡೆಯುವುದು ಅದರಿಂದಲೇ ಎಂದು ಮೊಮ್ಮಗನ ಹೆಂಡತಿ ತಲೆ ತಗ್ಗಿಸಿ ಹೇಳಿದಳು. “ಅವನು ಇದನ್ನು ಮಾಡದಿದ್ದರೆ ದುಡಿಮೆಗೆ ಊರು ಬಿಡಬೇಕು. ಅವನು ಹೋದರೆ ಗೋಡೆ ಒಣಗಿರುತ್ತದೆ, ಆದರೆ ಮನೆಗೆ ಬೀಗ ಬೀಳುತ್ತದೆ” ಎಂದರು ಅಜ್ಜಿ. ನಮ್ಮಿಬ್ಬರಲ್ಲಿ ಅದಕ್ಕೆ ಹೇಳುವ ಮಾತಿರಲಿಲ್ಲ. ಬೇಸಿಗೆಯಲ್ಲಿ ಕೋಣೆಗಳು ಖಾಲಿ ಇರುವುದರಿಂದ ಗೋಡೆಗೆ ಈ ಎರಡು ತಿಂಗಳು ಸ್ವಲ್ಪ ಆರಾಮವೆಂದು ಅವರೇ ಮುಂದುವರಿಸಿದರು; ಚಳಿಗಾಲದಲ್ಲಿ ಬಂದಿದ್ದರೆ ಕಪ್ಪು ಎದೆಮಟ್ಟಕ್ಕೆ ಏರಿರುವುದನ್ನು ನೋಡುತ್ತಿದ್ದಿರಿ ಎಂದು ತಮ್ಮ ಎದೆಯ ಬಳಿ ಅಂಗೈ ಅಡ್ಡವಿಟ್ಟು ತೋರಿಸಿದರು.

ಅಷ್ಟರಲ್ಲಿ ಪಕ್ಕದ ಮನೆಯಲ್ಲೋ ಅದರಾಚೆಯಲ್ಲೋ ಯಾರೋ ನಲ್ಲಿ ತಿರುಗಿಸಿದರು. ಕೊಳವೆಯಲ್ಲಿ ನೀರು ಹರಿಯುವ ಸದ್ದು ಆ ಒದ್ದೆ ಗೋಡೆಯೊಳಗಿನಿಂದ ಸ್ಪಷ್ಟವಾಗಿ ಕೇಳಿಸಿತು. ಅಜ್ಜಿ ಮಾತು ನಿಲ್ಲಿಸಿ ಗೋಡೆಯತ್ತ ಕಿವಿಗೊಟ್ಟು ನಿಂತರು. ಸದ್ದು ಬಹಳ ಹೊತ್ತು ನಡೆಯಿತು. ಮೊಮ್ಮಗನ ಹೆಂಡತಿ ಏನೋ ಹೇಳಹೋದಾಗ ಕೈಯೆತ್ತಿ ಸುಮ್ಮನಿರಿಸಿದರು. ಕೊನೆಗೆ ನಲ್ಲಿ ನಿಂತಾಗ ಅವರ ಹೆಗಲು ಇಳಿದದ್ದನ್ನು ನಾನು ಕಂಡೆ. “ನಿಲ್ಲಿಸಿದರು” ಎಂದು ಬಾಗಿಲು ಮುಚ್ಚಿದರು. ಮೇಲೆ ಬಂದು, ಅಕ್ಕ ಅರ್ಧ ಕುಡಿದು ಇಟ್ಟಿದ್ದ ಲೋಟವನ್ನು ಎತ್ತಿಕೊಂಡು, ಜಗಲಿಯ ಅಂಚಿನಲ್ಲಿದ್ದ ಹಕ್ಕಿಗಳ ಮಣ್ಣಿನ ತಟ್ಟೆಗೆ ಒಂದು ಹನಿಯೂ ಹೊರಗೆ ಬೀಳದಂತೆ ನಿಧಾನವಾಗಿ ಸುರಿದರು.